ಪಲ್ಟಿ, ರಂಟೆ, ಕುಂಟೆ, ರೂಟರ್: ಟ್ರ್ಯಾಕ್ಟರ್‌ನವರಿಗೆ ಏನೆಂದು ಹೇಳಿ ಕರೆಸಬೇಕು?

ಜಮೀನು ಒಂದು ಜಿಲ್ಲೆಯಲ್ಲಿ, ವಾಸ ಇನ್ನೊಂದು ಜಿಲ್ಲೆಯಲ್ಲಿ ಇರುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಟ್ರ್ಯಾಕ್ಟರ್‌ನವರಿಗೆ ಫೋನ್ ಮಾಡಿದರೆ "ಏನ್ ತರ್ಲಿ, ಒಂಬತ್ತಾ, ಡಿಸ್ಕಾ, ರೂಟರಾ?" ಎನ್ನುತ್ತಾರೆ. ಏನು ಹೇಳಬೇಕೆಂದು ತೋಚದೆ "ನಿಮಗೆ ಯಾವುದು ಸರಿ ಅನ್ಸುತ್ತೋ ಅದನ್ನೇ ತನ್ನಿ ಅಣ್ಣಾ" ಎಂದುಬಿಟ್ಟರೆ ಆ ದಿನ ಅವರ ಟ್ರ್ಯಾಕ್ಟರಿಗೆ ಸಿಕ್ಕಿಸಿರುವುದೇ ನಿಮ್ಮ ಹೊಲಕ್ಕೆ ಬರುತ್ತದೆ. ಒಂದೇ ಉಪಕರಣಕ್ಕೆ ಊರಿಗೊಂದು ಹೆಸರಿದೆ, ಒಂದೇ ಹೆಸರಿಗೆ ಎರಡು ಉಪಕರಣಗಳೂ ಇವೆ. ಆದ್ದರಿಂದ ಹೆಸರಿನ ಜೊತೆಗೆ ಕೆಲಸವನ್ನೂ ಹೇಳಬೇಕು: ಎಷ್ಟು ಆಳ ಹೋಗಬೇಕು, ಮಣ್ಣು ಮಗುಚಬೇಕೋ ಬೇಡವೋ, ಕೊನೆಗೆ ಹೆಂಟೆ (ಮಣ್ಣಿನ ಗಟ್ಟಿ ಉಂಡೆ) ಉಳಿಯಬೇಕೋ ಪುಡಿಯಾಗಬೇಕೋ. ಈ ಮೂರನ್ನು ಹೇಳಲು ಬೇಕಾದಷ್ಟನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದೆ.

1. ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಎತ್ತಿನ ಕಾಲದಲ್ಲಿ ನೆಲ ಸೀಳುವ ಸಾಧನಕ್ಕೆ ಹಳೇ ಮೈಸೂರು ಕಡೆ ನೇಗಿಲು, ಚಿತ್ರದುರ್ಗ-ದಾವಣಗೆರೆ ಸೀಮೆಯಲ್ಲಿ ಮಡಿಕೆ ಅಥವಾ ಮಡಕೆ, ಧಾರವಾಡ-ಬೆಳಗಾವಿ ಕಡೆ ರಂಟೆ (ಮಾತಿನಲ್ಲಿ ರಂಟಿ), ತುಳುನಾಡಿನಲ್ಲಿ ನಾಯೆರ್ ಎನ್ನುತ್ತಿದ್ದರು. ಟ್ರ್ಯಾಕ್ಟರ್ ಬಂದಮೇಲೆ ಈ ಹೆಸರುಗಳು ಹೊಸ ಉಪಕರಣಗಳಿಗೆ ಅಂಟಿಕೊಂಡವು, ಆದರೆ ಎಲ್ಲ ಕಡೆ ಒಂದೇ ರೀತಿ ಅಂಟಲಿಲ್ಲ. ದಕ್ಷಿಣದ ಹಲವು ತಾಲ್ಲೂಕುಗಳಲ್ಲಿ ಬರೀ "ನೇಗಿಲು" ಎಂದರೆ ಕಲ್ಟಿವೇಟರ್ ಬರುತ್ತದೆ. "ಐದು ಗುಳ", "ಒಂಬತ್ತು ಗುಳ", "ಒಂಬತ್ತು ಹಲ್ಲು" ಎನ್ನುವುದೂ ಅದನ್ನೇ. ಗುಳ ಎಂದರೆ ನೆಲಕ್ಕೆ ಇಳಿಯುವ ಕಬ್ಬಿಣದ ಮೊನೆ. ಉತ್ತರದಲ್ಲಿ ಇದಕ್ಕೆ ಕುಡ ಎಂಬ ಮಾತಿದೆ.

ಮಣ್ಣನ್ನು ತಲೆಕೆಳಗು ಮಾಡುವ ಮೌಲ್ಡ್ ಬೋರ್ಡ್ ನೇಗಿಲಿಗೆ ಉತ್ತರ ಕರ್ನಾಟಕದಲ್ಲಿ ಪಲ್ಟಿ ಎಂದು ಹೆಸರು. ಎಷ್ಟು ಸರಿಯಾದ ಹೆಸರು ನೋಡಿ! ಅದು ಮಾಡುವ ಕೆಲಸ ಹೆಸರಿನಲ್ಲೇ ಇದೆ. ದಕ್ಷಿಣದಲ್ಲಿ ಎಂ.ಬಿ. ನೇಗಿಲು, ಎಂ.ಬಿ. ಪ್ಲೋ ಎಂದರೆ ತಿಳಿಯುತ್ತದೆ.

ಅತಿ ಹೆಚ್ಚು ಎಡವುವುದು "ಡಿಸ್ಕ್" ಎಂಬ ಮಾತಿನಲ್ಲಿ. ಡಿಸ್ಕ್ ನೇಗಿಲು ಬೇರೆ, ಡಿಸ್ಕ್ ಹ್ಯಾರೋ ಬೇರೆ. ಮೊದಲನೆಯದರಲ್ಲಿ ಎರಡೋ ಮೂರೋ ದೊಡ್ಡ ತಟ್ಟೆಗಳು ಓರೆಯಾಗಿ ನಿಂತಿರುತ್ತವೆ. ಒಂದೊಂದು ತಟ್ಟೆಯ ಅಡ್ಡಳತೆ 60ರಿಂದ 65 ಸೆಂ.ಮೀ. ಇದ್ದು, ಆಳದ ಉಳುಮೆಗೆ ಬರುತ್ತದೆ. ಎರಡನೆಯದರಲ್ಲಿ ಹನ್ನೆರಡು, ಹದಿನಾಲ್ಕು ಚಿಕ್ಕ ತಟ್ಟೆಗಳು ಸಾಲಾಗಿ ಅಚ್ಚುಗಳಲ್ಲಿ ಪೋಣಿಸಿಕೊಂಡಿರುತ್ತವೆ. ಅದು ಹೆಂಟೆ ಒಡೆಯಲು, ಕೂಳೆ (ಕೊಯ್ದ ಬೆಳೆಯ ಬುಡ) ಕತ್ತರಿಸಲು ಇರುವುದು. "ಡಿಸ್ಕ್ ತನ್ನಿ" ಎಂದು ಹೇಳಿ ಆಳದ ಉಳುಮೆಗೆ ಕಾದರೆ ಹ್ಯಾರೋ ಬಂದು ಮೇಲೆ ಮೇಲೆ ಗೀಚಿ ಹೋಗಬಹುದು. "ಎಷ್ಟು ತಟ್ಟೆಯದು?" ಎಂದು ಕೇಳಿದರೆ ಸಂಶಯ ಅಲ್ಲೇ ತೀರುತ್ತದೆ.

ಕುಂಟೆ ಎಂದರೆ ಅಡ್ಡಲಾಗಿ ಹಾಕಿದ ಅಲಗು ಮಣ್ಣಿನೊಳಗೆ ಎರಡು ಮೂರು ಅಂಗುಲದಲ್ಲಿ ಸವರಿಕೊಂಡು ಹೋಗುವ ಉಪಕರಣ. ಇದನ್ನು ಓಡಿಸುವುದಕ್ಕೆ ಉತ್ತರದಲ್ಲಿ ಹರಗುವುದು ಎನ್ನುತ್ತಾರೆ, ದಕ್ಷಿಣದಲ್ಲಿ ಕುಂಟೆ ಹೊಡೆಯುವುದು. ಬೆಳೆಯ ಸಾಲುಗಳ ನಡುವೆ ಓಡುವ ಚಿಕ್ಕದು ಎಡೆಕುಂಟೆ. ರಾಗಿ ಸೀಮೆಯ ಹಲುಬೆ ಕುಂಟೆಯಲ್ಲ, ಅದಕ್ಕೆ ಅಲಗಿನ ಬದಲು ಹಲ್ಲುಗಳಿರುತ್ತವೆ. ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ರೋಟವೇಟರ್ ಮಾತ್ರ ಎಲ್ಲೆಡೆ ಒಂದೇ, ಉಚ್ಚಾರಣೆಯಷ್ಟೇ ಬೇರೆ: ರೋಟರಿ, ರೋಟರ್, ರೂಟರ್. ಸಾಲು ತೆಗೆಯುವ ರಿಡ್ಜರ್‌ಗೆ "ಸಾಲು ಹೊಡೆಯೋದು" ಎಂದರೆ ಸಾಕು. ಆ ಸಾಲಿನ ಪಕ್ಕ ಏಳುವ ಮಣ್ಣಿನ ಏರಿಗೆ ಉತ್ತರದಲ್ಲಿ ಬೋದು ಎನ್ನುತ್ತಾರೆ.

2. ಫೋನ್ ಮಾಡುವ ಮೊದಲು ನೆಲ ನೋಡಿ

ಹದ ತಪ್ಪಿದ ನೆಲಕ್ಕೆ ಎಂಥ ಒಳ್ಳೆಯ ಉಪಕರಣ ಇಳಿಸಿದರೂ ನಷ್ಟವೇ. ಹದ ನೋಡಲು ಹೊಲದ ಮೂರು ನಾಲ್ಕು ಕಡೆ ಒಂದು ಗೇಣು ಆಳಕ್ಕೆ ಅಗೆದು ತಳದ ಮಣ್ಣು ತೆಗೆಯಿರಿ. ಮೇಲಿನ ಮಣ್ಣು ನೋಡಿ ಮೋಸ ಹೋಗಬೇಡಿ, ಬಿಸಿಲಿಗೆ ಅದು ಬೇಗ ಒಣಗಿರುತ್ತದೆ. ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಡಿ. ಉಂಡೆ ನಾಲ್ಕಾರು ಚೂರಾಗಿ ಒಡೆದರೆ ಹದ ಬಂದಿದೆ. ಚಪ್ಪಟೆಯಾಗಿ ಅಂಟಿ ಕೂತರೆ ಇನ್ನೂ ಹಸಿ ಜಾಸ್ತಿ, ಎರಡು ಮೂರು ದಿನ ತಡೆಯಿರಿ. ಉಂಡೆಯೇ ಕಟ್ಟದಿದ್ದರೆ ನೆಲ ಒಣಗಿದೆ, ಉತ್ತರೆ ತಲೆಗಾತ್ರದ ಹೆಂಟೆ ಏಳುತ್ತದೆ.

ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಜಿಗುಟು ಮಣ್ಣಿನಲ್ಲಿ, ಈ ಹದ ಉಳಿಯುವುದೇ ಕೆಲವು ದಿನ. ಕೆಂಪು ನೆಲ, ಅಂದರೆ ಉತ್ತರದವರ ಮಸಾರಿ, ಮಳೆ ನಿಂತ ಮರುದಿನವೋ ಅದರ ಮರುದಿನವೋ ಕೆಲಸಕ್ಕೆ ಸಿಗುತ್ತದೆ, ಆದರೆ ಬೇಗ ಒಣಗಿ ಗಟ್ಟಿಯಾಗುತ್ತದೆ. ಎರಡೂ ಬಗೆಯ ಹೊಲ ಇದ್ದವರು ಮಳೆಯಾದ ಮೇಲೆ ಮೊದಲು ಕೆಂಪು ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿ, ಆಮೇಲೆ ಎರೆಗೆ ಹೋಗಬೇಕು.

ಇನ್ನೊಂದು ಪರೀಕ್ಷೆ ಗಟ್ಟಿ ಪದರದ್ದು. ಒಂದೇ ಆಳದಲ್ಲಿ ವರ್ಷಗಟ್ಟಲೆ ಉತ್ತರೆ ಆ ಆಳದ ಕೆಳಗೆ ಹಲಗೆಯಂತೆ ಮಣ್ಣು ಬಿಗಿದುಕೊಳ್ಳುತ್ತದೆ. ಹೋದ ವರ್ಷದ ತೊಗರಿಯ ಅಥವಾ ಹತ್ತಿಯ ಗಿಡವೊಂದನ್ನು ಅಗೆದು ಕೀಳಿ. ತಾಯಿಬೇರು ಐದಾರು ಅಂಗುಲ ನೆಟ್ಟಗೆ ಇಳಿದು, ಆಮೇಲೆ ಮೊಣಕೈ ಮಡಿಸಿದಂತೆ ಅಡ್ಡಕ್ಕೆ ತಿರುಗಿದ್ದರೆ ಪದರ ಅಲ್ಲೇ ಇದೆ. ಮಳೆ ನೀರು ಎರಡು ದಿನ ಹೊಲದಲ್ಲಿ ನಿಂತು, ವಾರ ಕಳೆಯುವುದರೊಳಗೆ ಬೆಳೆ ಬಾಡುವುದೂ ಇದೇ ಕಾರಣಕ್ಕೆ.

ಕಳೆಯನ್ನೂ ನೋಡಿಕೊಳ್ಳಿ. ಗರಿಕೆ (ಉತ್ತರದ ಕರಿಕೆ), ಜೇಕು (ದಕ್ಷಿಣದ ಕೊನ್ನಾರಿ) ಹಬ್ಬಿರುವ ಹೊಲಕ್ಕೆ ಬೇರೆ ಕ್ರಮ ಬೇಕು. ಅದು ಮುಂದೆ ಬರುತ್ತದೆ.

3. ಕೆಲಸಕ್ಕೆ ತಕ್ಕ ಉಪಕರಣ

*ಪಲ್ಟಿ.* 20ರಿಂದ 30 ಸೆಂ.ಮೀ. ಆಳಕ್ಕೆ ಹೋಗಿ ಮಣ್ಣನ್ನು ಮಗುಚುತ್ತದೆ. ಕೂಳೆ, ಕಳೆಬೀಜ ಕೆಳಗೆ ಹೋಗುತ್ತವೆ, ಹುಳುಗಳ ಕೋಶ ಮತ್ತು ಗರಿಕೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ. ಸುಗ್ಗಿ ಮುಗಿದ ಮೇಲೆ ಮಾಡುವ ಮಾಗಿ ಉಳುಮೆಗೆ, ಕಬ್ಬು-ಅರಿಸಿನ ಹಾಕುವ ಹೊಲಕ್ಕೆ ಇದೇ ಸರಿ. ಎರಡು ಬಾಟಮ್ಮಿನದಕ್ಕೆ, ಅಂದರೆ ಎರಡು ನೇಗಿಲ ದೇಹ ಇರುವುದಕ್ಕೆ, 45 ಎಚ್‌ಪಿ ಸುಮಾರಿನ ಟ್ರ್ಯಾಕ್ಟರ್ ಇರಲಿ. ಎರಡೂ ಕಡೆ ತಿರುಗುವ ರಿವರ್ಸಿಬಲ್ ಪಲ್ಟಿ ಭಾರ ಹೆಚ್ಚು, ಅದಕ್ಕೆ 50 ಎಚ್‌ಪಿ ಇದ್ದರೆ ಒಳ್ಳೆಯದು. ರಿವರ್ಸಿಬಲ್ ಅಲ್ಲದ್ದು ಮಣ್ಣನ್ನು ಯಾವಾಗಲೂ ಬಲಕ್ಕೇ ಹಾಕುತ್ತದೆ, ಹೊಲದ ನಡುವೆ ಒಂದು ದಿಬ್ಬವೋ ಕಾಲುವೆಯೋ ಉಳಿಯುತ್ತದೆ. ನೀರು ಹಾಯಿಸುವ ಹೊಲಕ್ಕೆ ರಿವರ್ಸಿಬಲ್ ಇದೆಯೇ ಎಂದು ಕೇಳಿಯೇ ಕರೆಸಿ.

ಪಲ್ಟಿಯನ್ನು ವರ್ಷ ವರ್ಷ ಹೊಡೆಸಬೇಕಾಗಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಕೆಂಪು ನೆಲದಲ್ಲಿ ಕೆಳಗೆ ಗರಸು ಅಥವಾ ಸುಣ್ಣಕಲ್ಲಿನ ಪದರ ಇದ್ದರೆ ಆಳಕ್ಕೆ ಹೋಗಲೇಬೇಡಿ, ಸಾರವಿಲ್ಲದ ಮಣ್ಣು ಮೇಲೆ ಬಂದು ಬೆಳೆ ಹಿಂದೆ ಬೀಳುತ್ತದೆ.

*ಡಿಸ್ಕ್ ನೇಗಿಲು.* ಕಲ್ಲು, ಬೇರು, ಬೊಡ್ಡೆ ಇರುವ ಜಾಗದಲ್ಲಿ ಪಲ್ಟಿಯ ಗುಳ ಸಿಕ್ಕಿ ಮುರಿಯುತ್ತದೆ. ತಟ್ಟೆ ಅಡೆತಡೆಯ ಮೇಲೆ ಉರುಳಿ ಹೋಗುತ್ತದೆ. ಹೊಸದಾಗಿ ಒಡೆದ ಭೂಮಿಗೆ, ಮಣ್ಣು ಅಂಟುವ ಎರೆಗೆ ಇದನ್ನೇ ಕೇಳಿ. ಮಗುಚುವುದು ಪಲ್ಟಿಯಷ್ಟು ಪೂರ್ತಿಯಾಗಿರುವುದಿಲ್ಲ.

*ಕಲ್ಟಿವೇಟರ್.* 10ರಿಂದ 15 ಸೆಂ.ಮೀ. ಆಳ. ಮಣ್ಣು ಮಗುಚುವುದಿಲ್ಲ, ಸೀಳಿ ಸಡಿಲಿಸುತ್ತದೆ. ಗಟ್ಟಿ ನೆಲದ ಮೊದಲ ಸಾಲಿಗೆ ಐದು ಗುಳ, ಎರಡನೆಯ ಅಡ್ಡ ಸಾಲಿಗೆ ಒಂಬತ್ತು ಗುಳ. ಒಂಬತ್ತರಲ್ಲಿ ಎರಡು ಗುಳಗಳ ನಡುವೆ ಸುಮಾರು 9 ಅಂಗುಲ ಇರುತ್ತದೆ. ಒಂದೇ ದಿಕ್ಕಿನಲ್ಲಿ ಓಡಿಸಿದರೆ ಆ ನಡುವಿನ ಪಟ್ಟಿ ಒಳಗೆ ಹಾಗೇ ಉಳಿಯುತ್ತದೆ, ಮೇಲೆ ಮಾತ್ರ ಉತ್ತಂತೆ ಕಾಣುತ್ತದೆ. ಅಡ್ಡ ಉಳುಮೆ ಬೇಕೇಬೇಕು ಎನ್ನುವುದು ಇದಕ್ಕೇ. ಕಲ್ಲಿನ ಹೊಲಕ್ಕೆ ಸ್ಪ್ರಿಂಗ್ ಇರುವುದನ್ನು ಕೇಳಿ, ಕಲ್ಲು ತಗುಲಿದಾಗ ಗುಳ ಹಿಂದಕ್ಕೆ ಬಾಗಿ ಮತ್ತೆ ಜಾಗಕ್ಕೆ ಬರುತ್ತದೆ. ಗುಳದ ಮೊನೆ ಮೊಂಡಾಗಿದ್ದರೆ ಟ್ರ್ಯಾಕ್ಟರ್ ಎಷ್ಟು ದುಡಿದರೂ ಆಳ ಬರುವುದಿಲ್ಲ. ಎರಡು ಮೊನೆಯ ಗುಳವಾದರೆ ಬೋಲ್ಟ್ ಬಿಚ್ಚಿ ತಿರುಗಿಸಿ ಹಾಕಿಸಿ.

*ರೂಟರ್.* ರೈತರು ಹೆಚ್ಚು ಇಷ್ಟಪಡುವುದು ಇದನ್ನು, ಹೆಚ್ಚು ದುರ್ಬಳಕೆ ಆಗುತ್ತಿರುವುದೂ ಇದೇ. ಒಂದೇ ಸಲಕ್ಕೆ ಹೊಲ ರವೆಯಂತಾಗುತ್ತದೆ, ನೋಡಲು ಚೆಂದ. ಇದು ಪಿಟಿಒ ಬಲದಿಂದ ನಡೆಯುತ್ತದೆ. ಪಿಟಿಒ ಎಂದರೆ ಟ್ರ್ಯಾಕ್ಟರಿನ ಹಿಂಬದಿಯಲ್ಲಿ ನಿಮಿಷಕ್ಕೆ 540 ಸುತ್ತು ತಿರುಗಿ ಇಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಕೊಡುವ ಶಾಫ್ಟು. ಐದು ಅಡಿಯ ರೂಟರಿಗೆ 35ರಿಂದ 40 ಎಚ್‌ಪಿ, ಆರು ಅಡಿಯದಕ್ಕೆ 45, ಏಳು ಅಡಿಯದಕ್ಕೆ 50ಕ್ಕೆ ಮೇಲೆ ಬೇಕು. ಆಳ ಹೆಚ್ಚೆಂದರೆ 10-12 ಸೆಂ.ಮೀ.

ತೊಂದರೆ ಎಲ್ಲಿದೆ ಎಂದರೆ, ರೂಟರಿನ ಬ್ಲೇಡಿನ ಬಾಗಿದ ತುದಿ ಪ್ರತಿ ಸುತ್ತಿನಲ್ಲೂ ಮಣ್ಣಿನ ತಳವನ್ನು ಒಂದೇ ಮಟ್ಟದಲ್ಲಿ ಸವರುತ್ತದೆ, ಕರಣೆಯಿಂದ ಗಾರೆ ಸವರಿದ ಹಾಗೆ. ಹಸಿ ಹೆಚ್ಚಿದ್ದಾಗ ಹೊಡೆಸಿದರೆ ಗಟ್ಟಿ ಪದರ ಇನ್ನೂ ಬೇಗ ಕಟ್ಟುತ್ತದೆ. ಕೆಂಪು ನೆಲದಲ್ಲಿ ಅತಿಯಾಗಿ ಪುಡಿಯಾದ ಮಣ್ಣು ಮೊದಲ ಜೋರು ಮಳೆಗೆ ಕಲಸಿ, ಒಣಗಿ, ಹಪ್ಪಳದಂತೆ ಹೆಪ್ಪುಗಟ್ಟುತ್ತದೆ. ರಾಗಿ, ಎಳ್ಳಿನಂಥ ಸಣ್ಣ ಬೀಜದ ಮೊಳಕೆ ಅದನ್ನು ಒಡೆದು ಮೇಲೆ ಬರಲಾರದು. ಜೇಕು, ಗರಿಕೆ ಇರುವ ಹೊಲಕ್ಕಂತೂ ಹಸಿಯಲ್ಲಿ ರೂಟರ್ ಇಳಿಸಲೇಬೇಡಿ. ಗಡ್ಡೆ-ಬೇರು ತುಂಡು ತುಂಡಾಗಿ ಹೊಲವೆಲ್ಲಾ ಹರಡಿ, ತುಂಡಿಗೊಂದು ಗಿಡ ಏಳುತ್ತದೆ. ಅಂಥ ಹೊಲಕ್ಕೆ ಬೇಸಿಗೆಯಲ್ಲಿ ಪಲ್ಟಿ, ಮೂರು ನಾಲ್ಕು ವಾರ ಬಿಸಿಲು, ಆಮೇಲೆ ಕಲ್ಟಿವೇಟರ್ ಹೊಡೆದು ಬೇರು ಆರಿಸಿ ಹೊರಹಾಕುವುದು, ಇದೇ ದಾರಿ. ರೂಟರ್ ಬೇಡವೆಂದಲ್ಲ. ಕೂಳೆ ಕತ್ತರಿಸಿ ಮಣ್ಣಿಗೆ ಸೇರಿಸಲು, ಹಸಿರೆಲೆ ಗೊಬ್ಬರ ಬೆರೆಸಲು, ತರಕಾರಿ ಮಡಿಗೆ, ಕಬ್ಬಿನ ಸಾಲು ತೆಗೆಯುವ ಮುನ್ನ ಒಂದೇ ಒಂದು ಸಲ, ಇಷ್ಟಕ್ಕೆ ಅದಕ್ಕೆ ಸಾಟಿಯಿಲ್ಲ.

*ಕುಂಟೆ.* ವಿಜಯಪುರ, ಬಾಗಲಕೋಟೆ, ಗದಗಿನ ಎರೆಯಲ್ಲಿ ಹಿಂಗಾರಿ ಜೋಳ, ಕಡಲೆ ಹಾಕುವವರು ಮುಂಗಾರಿನುದ್ದಕ್ಕೂ ಮಳೆ ಬಿದ್ದು ಹದ ಬಂದಾಗಲೆಲ್ಲ ಹರಗುತ್ತಾರೆ. ಕಳೆ ಚಿಕ್ಕದಿರುವಾಗಲೇ ಸಾಯುತ್ತದೆ, ಬಿರುಕು ಮುಚ್ಚಿ ಒಳಗಿನ ಹಸಿ ಆರುವುದಿಲ್ಲ. ಈ ಕೆಲಸಕ್ಕೆ ರೂಟರ್ ಎಂದಿಗೂ ಬದಲಿಯಲ್ಲ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಕುಂಟೆಗಳನ್ನು ಊರ ಕಮ್ಮಾರರೇ ಮಾಡಿಕೊಡುತ್ತಾರೆ. ಅಲಗು ಹರಿತವಿರಲಿ, ಇಲ್ಲದಿದ್ದರೆ ಕಳೆಯನ್ನು ಕತ್ತರಿಸದೆ ಎಳೆದುಕೊಂಡು ಹೋಗುತ್ತದೆ.

*ಸಬ್‌ಸಾಯಿಲರ್ ಮತ್ತು ಉಳಿ ನೇಗಿಲು.* ಗಟ್ಟಿ ಪದರ ಒಡೆಯಲು. ಉಳಿ ನೇಗಿಲು 30-40 ಸೆಂ.ಮೀ., ಸಬ್‌ಸಾಯಿಲರ್ 45-60 ಸೆಂ.ಮೀ. ಹೋಗುತ್ತದೆ. ಒಂದರಿಂದ ಒಂದೂವರೆ ಮೀಟರ್ ಅಂತರದಲ್ಲಿ ಗೀರು ಹಾಕಿಸಿದರೆ ಸಾಕು, ಮೂರು ನಾಲ್ಕು ವರ್ಷಕ್ಕೊಮ್ಮೆ. ನೆನಪಿಡಬೇಕಾದ್ದು ಒಂದೇ: ಇದು ಒಣ ನೆಲದ ಕೆಲಸ. ಒಣಗಿದ್ದರೆ ಪದರ ಅಕ್ಕಪಕ್ಕಕ್ಕೂ ಸಿಡಿದು ಬಿರಿಯುತ್ತದೆ. ಹಸಿಯಿದ್ದರೆ ಬೆಣ್ಣೆಯಲ್ಲಿ ಚಾಕು ಎಳೆದಂತೆ ಬರೀ ಒಂದು ಗೀರು ಬಿದ್ದು ಮತ್ತೆ ಮುಚ್ಚಿಕೊಳ್ಳುತ್ತದೆ, ಕೊಟ್ಟ ಬಾಡಿಗೆ ವ್ಯರ್ಥ.

4. ಗೊತ್ತು ಮಾಡುವಾಗ

ಫೋನಿನಲ್ಲಿ ಹೇಳುವುದು ಹೀಗಿರಲಿ: "ಅಣ್ಣಾ, ಎರಡೂವರೆ ಎಕರೆ ಕೆಂಪು ನೆಲ, ರಾಗಿ ಕೂಳೆ ಇದೆ. ಮೊದಲು ಐದು ಗುಳ, ಆಮೇಲೆ ಅಡ್ಡಕ್ಕೆ ಒಂಬತ್ತು. ಅರ್ಧ ಅಡಿ ಆಳ ಹೋಗ್ಬೇಕು. ರೂಟರ್ ಬೇಡ." ಉತ್ತರದಲ್ಲಾದರೆ: "ಅಣ್ಣಾರ, ಎರಿ ಹೊಲ, ಕರಿಕಿ ಭಾಳ ಐತಿ. ಪಲ್ಟಿ ಹೊಡಿಬೇಕು, ಒಂದ್ ಫೂಟ್ ಹೋಗ್ಬೇಕ್ರಿ."

ಬಾಡಿಗೆ ಗಂಟೆಗೋ ಎಕರೆಗೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಗಂಟೆ ಲೆಕ್ಕವಾದರೆ ನಿಧಾನವಾಗುವ, ಎಕರೆ ಲೆಕ್ಕವಾದರೆ ಆಳ ಕಡಿಮೆ ಮಾಡಿ ವೇಗ ಹೆಚ್ಚಿಸುವ ಸಂಭವ ಇದೆ. ಎಷ್ಟು ಹೊತ್ತು ಹಿಡಿಯಬೇಕೆಂದು ನೀವೇ ಲೆಕ್ಕ ಹಾಕಬಹುದು. ಉಪಕರಣದ ಅಗಲವನ್ನು ಮೀಟರಿನಲ್ಲಿ ತೆಗೆದುಕೊಂಡು ಗಂಟೆಗೆ ಓಡುವ ಕಿಲೋಮೀಟರಿನಿಂದ ಗುಣಿಸಿ, 4ರಿಂದ ಭಾಗಿಸಿ. ಗಂಟೆಗೆ ಎಷ್ಟು ಎಕರೆ ಎಂದು ಬರುತ್ತದೆ. ತಿರುವು, ಎರಡು ಸಲ ತುಳಿಯುವುದು ಎಂದು ಅದರಲ್ಲಿ ಕಾಲು ಭಾಗ ಕಳೆಯಿರಿ. ಎರಡು ಮೀಟರ್ ಅಗಲದ ಒಂಬತ್ತು ಗುಳ 5 ಕಿ.ಮೀ. ವೇಗದಲ್ಲಿ ಓಡಿದರೆ ಗಂಟೆಗೆ ಎರಡು ಎಕರೆಗೆ ಸ್ವಲ್ಪ ಕಡಿಮೆ. ಆರಡಿಯ ರೂಟರ್ 3 ಕಿ.ಮೀ. ವೇಗದಲ್ಲಿ ಸುಮಾರು ಒಂದು ಎಕರೆ. ಎರಡು ಬಾಟಮ್ಮಿನ ಪಲ್ಟಿ 4 ಕಿ.ಮೀ. ವೇಗದಲ್ಲಿ ಅರ್ಧ ಎಕರೆ. ತುಂಡು ಹೊಲವಾದರೆ ಇನ್ನೂ ಕಡಿಮೆ.

ಖಾಸಗಿಯವರು ಸಿಗದಿದ್ದರೆ ಹೋಬಳಿಯ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ವಿಚಾರಿಸಿ. ಮಳೆ ಬಿದ್ದ ಮೇಲೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ಮೊದಲೇ ಹೆಸರು ಬರೆಸಿ.

5. ಹೊಲಕ್ಕೆ ಇಳಿದ ಮೇಲೆ

ಮೊದಲ ಇಪ್ಪತ್ತು ಮೀಟರ್ ಓಡಿಸಿ ನಿಲ್ಲಿಸಿ. ಉಪಕರಣ ಟ್ರ್ಯಾಕ್ಟರಿಗೆ ಮೂರು ಕಡೆ ಕೂಡಿರುತ್ತದೆ: ಕೆಳಗೆ ಎರಡು ತೋಳು, ಮೇಲೆ ನಡುವೆ ಟಾಪ್ ಲಿಂಕ್ ಎಂಬ ತಿರುಪಿನ ದಂಡ. ಹಿಂದಿನ ಗುಳ ಆಳ ಹೋಗಿ ಮುಂದಿನದು ತೇಲುತ್ತಿದ್ದರೆ ಟಾಪ್ ಲಿಂಕ್ ತಿರುಗಿಸಿ ಗಿಡ್ಡ ಮಾಡಬೇಕು, ಮುಂದಿನದು ಹೆಚ್ಚು ಇಳಿಯುತ್ತಿದ್ದರೆ ಉದ್ದ. ಒಂದು ಬದಿ ಆಳ, ಇನ್ನೊಂದು ಬದಿ ಮೇಲಾದರೆ ಬಲಗಡೆಯ ತೋಳಿನ ತಿರುಪಿನಿಂದ ಸರಿ ಮಾಡುತ್ತಾರೆ. ಉಪಕರಣ ಅತ್ತಿತ್ತ ಓಲಾಡುತ್ತಿದ್ದರೆ ಕೆಳಗಿನ ತೋಳುಗಳು ಅಲುಗದಂತೆ ಹಿಡಿಯುವ ಚೆಕ್ ಚೈನ್ ಸಡಿಲವಾಗಿದೆ. ಚಾಲಕರು ಅನುಭವಿಗಳಾದರೂ ಹಿಂದಿನ ಹೊಲದ ಹೊಂದಾಣಿಕೆಯಲ್ಲೇ ನಿಮ್ಮ ಹೊಲಕ್ಕೆ ಇಳಿದಿರಬಹುದು, ಕೇಳಲು ಸಂಕೋಚ ಬೇಡ.

ಆಳ ಅಳೆಯುವುದರಲ್ಲಿ ಬಹಳ ಜನ ತಪ್ಪುತ್ತಾರೆ. ಉತ್ತ ಮಣ್ಣು ಸಡಿಲವಾಗಿ ಉಬ್ಬಿರುತ್ತದೆ, ಅದರ ಮೇಲಿನಿಂದ ಕೋಲು ಚುಚ್ಚಿದರೆ ಹೆಚ್ಚೇ ತೋರಿಸುತ್ತದೆ. ಉಳದ ನೆಲ ಮತ್ತು ಉತ್ತ ಸಾಲು ಸೇರುವ ಅಂಚಿಗೆ ಹೋಗಿ, ಸಾಲಿನ ಸಡಿಲ ಮಣ್ಣನ್ನು ಕೈಯಿಂದ ತಳದವರೆಗೆ ಬಾಚಿ. ಉಳದ ನೆಲದ ಮೇಲೆ ಒಂದು ಕಡ್ಡಿ ಅಡ್ಡ ಇಟ್ಟು, ಅಲ್ಲಿಂದ ತಳಕ್ಕೆ ಅಳೆಯಿರಿ. ಬದುವಿನ ಪಕ್ಕದಲ್ಲಿ ಅಳೆಯದೆ ಹೊಲದ ನಡುವೆ ಮೂರು ಕಡೆ ಅಳೆಯಿರಿ. ಬಾಚಿದಾಗ ಸಾಲಿನ ತಳ ಮೇಣ ಸವರಿದಂತೆ ಮಿರಮಿರ ಹೊಳೆಯುತ್ತಿದ್ದರೆ ಹಸಿ ಹೆಚ್ಚಾಗಿದೆ, ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸುವುದು ಮೇಲು.

ಇಳಿಜಾರಿದ್ದರೆ ಅದಕ್ಕೆ ಅಡ್ಡವಾಗಿಯೇ ಕೊನೆಯ ಸಾಲು ಬರಲಿ. ಅಡ್ಡ ಉಳುಮೆ ಮಾಡಿಸುವವರು ಮೊದಲದನ್ನು ಇಳಿಜಾರಿನ ಗುಂಟ, ಎರಡನೆಯದನ್ನು ಅಡ್ಡಕ್ಕೆ ಎಂದು ಹೇಳಬೇಕು. ಕ್ರಮ ತಿರುವುಮುರುವಾದರೆ ಪ್ರತಿ ಸಾಲೂ ಮಳೆನೀರಿಗೆ ಕಾಲುವೆಯಾಗಿ ಮೇಲ್ಮಣ್ಣು ಕೊಚ್ಚಿಹೋಗುತ್ತದೆ.

ತೆಂಗಿನ ತೋಟದಲ್ಲಿ ಮರದ ಬುಡದಿಂದ ಸುತ್ತಲೂ ಎರಡು ಮೀಟರ್ ದೂರದ ಒಳಗೆ ಯಾವ ಗುಳವೂ ಬರಬಾರದು. ಅಡಿಕೆಯ ಬೇರು ಇನ್ನೂ ಮೇಲೆ ಹರಡಿರುತ್ತದೆ, ಅಲ್ಲಿ ಟ್ರ್ಯಾಕ್ಟರ್ ಉಳುಮೆಯೇ ಬೇಡ.

6. ಕೆಸರು ಗದ್ದೆಗೆ

ಮಂಡ್ಯ, ಭದ್ರಾ, ತುಂಗಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ಒಣ ಉಳುಮೆ ಮುಗಿಸಿ ನೀರು ಕಟ್ಟಿ, ಹಿಂಚಕ್ರಕ್ಕೆ ಕೇಜ್ ವೀಲ್ ಎಂಬ ಕಬ್ಬಿಣದ ಪಟ್ಟಿಗಳ ಚಕ್ರ ಹಾಕಿ ತುಳಿಸುತ್ತಾರೆ. ಗಂಗಾವತಿ, ಸಿಂಧನೂರು ಕಡೆ ಇದಕ್ಕೆ ದಮ್ಮು ಹೊಡೆಯುವುದು ಎನ್ನುತ್ತಾರೆ. ನೀರು 5 ಸೆಂ.ಮೀ. ಸುಮಾರು ಇರಲಿ. ಹೆಚ್ಚಾದರೆ ಎಲ್ಲಿ ಏರು, ಎಲ್ಲಿ ತಗ್ಗು ಎಂದು ಕಾಣದೆ ಹಲಗೆ ಹೊಡೆದರೂ ಮಟ್ಟ ಬರುವುದಿಲ್ಲ. ಮಲೆನಾಡು, ಕರಾವಳಿಯ ಸಣ್ಣ ಮೆಟ್ಟಿಲು ಗದ್ದೆಗಳಿಗೆ ಟ್ರ್ಯಾಕ್ಟರಿಗಿಂತ ಕೈಯಲ್ಲಿ ಹಿಡಿದು ನಡೆಸುವ ಪವರ್ ಟಿಲ್ಲರ್ ಸರಿ. ಕೇಜ್ ವೀಲ್ ಸಮೇತ ಡಾಂಬರು ರಸ್ತೆಗೆ ಇಳಿಯಲು ಬಿಡಬೇಡಿ, ರಸ್ತೆ ಕಿತ್ತುಹೋಗುತ್ತದೆ.

ಟ್ರ್ಯಾಕ್ಟರ್ ಹೂತರೆ ಹಿಂಚಕ್ರಕ್ಕೆ ದಿಮ್ಮಿ ಅಡ್ಡ ಕೊಟ್ಟೋ ಕಟ್ಟಿಯೋ ಮುಂದಕ್ಕೆ ಎಬ್ಬಿಸುವ ರೂಢಿ ಇದೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಚಕ್ರ ತಿರುಗದೆ ಸಿಕ್ಕಿಕೊಂಡಾಗ ಟ್ರ್ಯಾಕ್ಟರಿನ ಮೂತಿಯೇ ಮೇಲೆದ್ದು, ಕಣ್ಣು ಮಿಟುಕಿಸುವುದರೊಳಗೆ ಹಿಂದಕ್ಕೆ ಮಗುಚಿ ಚಾಲಕ ಅಡಿಗೆ ಸಿಲುಕುತ್ತಾನೆ. ಉಪಕರಣ ಬಿಚ್ಚಿ, ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಬೇಕು. ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕು.

7. ಜೀವದ ಜಾಗ್ರತೆ

ರೂಟರ್ ಓಡುವಾಗ ಅದರ ಹಿಂದೆ ನಡೆಯುವುದು, ಗೊಬ್ಬರ ಚೆಲ್ಲುವುದು, ಭಾರಕ್ಕೆಂದು ಅದರ ಮೇಲೆ ಆಳನ್ನು ಕೂರಿಸುವುದು, ಮೂರೂ ಬೇಡ. ಪಿಟಿಒ ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚ ಇಲ್ಲದಿದ್ದರೆ ಕೆಲಸಕ್ಕೇ ಒಪ್ಪಬೇಡಿ. 540 ಸುತ್ತು ಎಂದರೆ ಸೆಕೆಂಡಿಗೆ ಒಂಬತ್ತು. ಟವೆಲ್ಲಿನ ತುದಿ, ಪಂಚೆಯ ಅಂಚು, ಸೀರೆಯ ಸೆರಗು ತಗುಲಿದರೆ ಕೈ ಎಳೆದುಕೊಳ್ಳುವಷ್ಟೂ ಹೊತ್ತಿರುವುದಿಲ್ಲ. ಮಕ್ಕಳನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸುವುದೂ ಬೇಡ.

ಬ್ಲೇಡಿಗೆ ಬೇರು, ಡ್ರಿಪ್ ಪೈಪು, ಹಗ್ಗ ಸುತ್ತಿಕೊಂಡರೆ ಪಿಟಿಒ ಬಿಡಿಸಿ, ಇಂಜಿನ್ ಆರಿಸಿ, ಕೀಲಿ ಕೈಯಲ್ಲಿ ಹಿಡಿದುಕೊಂಡು, ಎತ್ತಿದ ರೂಟರಿನ ಕೆಳಗೆ ದಪ್ಪ ಮರದ ದಿಮ್ಮಿ ಕೊಟ್ಟು ಆಮೇಲೆ ಕೈ ಹಾಕಬೇಕು. ಹೈಡ್ರಾಲಿಕ್ ಎತ್ತಿ ಹಿಡಿದಿದೆ ಎಂದು ನಂಬಿ ಅಡಿಗೆ ತಲೆ ಕೊಡಬಾರದು, ಎಣ್ಣೆ ಸೋರಿದರೂ ಲೀವರಿಗೆ ಯಾರದೋ ಕಾಲು ತಗುಲಿದರೂ ಅದು ಕೆಳಗೆ ಬೀಳುತ್ತದೆ. ಹೊಲದಲ್ಲಿ ಹಳೆಯ ಡ್ರಿಪ್ ಪೈಪು, ತಂತಿ, ಮುರಿದ ಗೂಟಗಳಿದ್ದರೆ ಟ್ರ್ಯಾಕ್ಟರ್ ಬರುವ ಹಿಂದಿನ ಸಂಜೆಯೇ ಒಂದು ಸುತ್ತು ನಡೆದು ಆರಿಸಿ ಹಾಕಿ. ಬೋರ್‌ವೆಲ್ಲಿನ ಪೈಪು, ಕೇಬಲ್ಲು ನೆಲದಡಿ ಎಲ್ಲಿ ಹೋಗಿದೆ ಎಂದು ಸುಣ್ಣದಲ್ಲಿ ಗೆರೆ ಎಳೆದು ಚಾಲಕರಿಗೆ ಖುದ್ದಾಗಿ ತೋರಿಸಿ.